ಮುಖ ನೋಡಬಾರದಿದ್ದ ಗೆಳತಿ

ಮಗು ಅಳುತ್ತಿತ್ತು. ನಾನು ಗೋಡೆಯಲ್ಲಿ ಸುಣ್ಣ ಎದ್ದಿದ್ದ ಜಾಗವನ್ನು ನೋಡುತ್ತಾ ಕೂತಿದ್ದೆ.

ಹೆರಿಗೆಯಾಗಿ ಹದಿನಾರನೆಯ ದಿನ. ಅಳು ಕೇಳಿಸಲಿಲ್ಲ ಎಂದಲ್ಲ, ಕೇಳಿಸುತ್ತಿತ್ತು. ಹೊರಗೆ ಕೊಟ್ಟಿಗೆಹಾರದ ಸರ್ಕಲ್‌ನಲ್ಲಿ ಘಾಟಿ ಹತ್ತಿ ಬಂದ ಲಾರಿಗಳು ಹಾರನ್ ಹೊಡೆಯುತ್ತಿದ್ದವು, ಅದೂ ಕೇಳಿಸುತ್ತಿತ್ತು. ಎರಡೂ ನನಗೆ ಸಂಬಂಧಪಟ್ಟಿದ್ದಲ್ಲ ಅನ್ನಿಸುತ್ತಿತ್ತು. ಯಾರದೋ ಲಾರಿ, ಯಾರದೋ ಮಗು. ಅತ್ತೆ ಅಡುಗೆಮನೆಯಿಂದ ಓಡಿ ಬಂದು ಮಗುವನ್ನೆತ್ತಿ ನನ್ನ ಮಡಿಲಿಗೆ ಹಾಕಿದರು.

"ನಿದ್ದೆ ಹತ್ತಿತ್ತಾ ಸುಮಾ?"

ಹೂಂ ಎಂದೆ. ನಿದ್ದೆ ನನ್ನನ್ನು ಬಿಟ್ಟು ಹೋಗಿ ಆಗಲೇ ಒಂದು ವಾರವಾಗಿತ್ತು.

ಅಳು ಕೇಳಿಯೂ ಏನೂ ಅನ್ನಿಸದಿರುವುದು ಕಾಯಿಲೆಯ ಮೊದಲ ಲಕ್ಷಣ ಎಂದು ಈಗ ಗೊತ್ತು. ಆಗ ಅದು ನನ್ನ ಸ್ವಭಾವ ಎಂದುಕೊಂಡಿದ್ದೆ. ಕೆಲವರಿಗೆ ಹಾಡಲು ಬರುವುದಿಲ್ಲ, ಕೆಲವರಿಗೆ ರೊಟ್ಟಿ ತಟ್ಟಲು ಬರುವುದಿಲ್ಲ, ನನಗೆ ತಾಯಿಯಾಗಲು ಬರುವುದಿಲ್ಲ. ಅಷ್ಟೇ.

ನನ್ನ ತವರು ಕಡೂರು. ಇದೇ ಜಿಲ್ಲೆಯಾದರೂ ಅದು ಬಯಲು, ಇದು ಮಲೆ. ಮದುವೆಗೆ ಮೊದಲು ಅಲ್ಲಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಗಂಡ ಪ್ರಸನ್ನನಿಗೆ ಕೊಟ್ಟಿಗೆಹಾರದಲ್ಲಿ ಪಂಪ್‌ಸೆಟ್ಟು, ಪೈಪು, ಸ್ಪ್ರಿಂಕ್ಲರ್‌ಗಳ ಅಂಗಡಿ. ಮನೆ ಅಂಗಡಿಯ ಹಿಂದಿನ ಓಣಿಯಲ್ಲಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು. ಏಳನೆಯ ತಿಂಗಳಲ್ಲಿ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಗ ಅತ್ತೆಯೇ, "ಅದಕ್ಕೇನು, ನಾನೇ ಮಾಡ್ತೀನಿ. ಮಗಳಾದ್ರೇನು ಸೊಸೆಯಾದ್ರೇನು" ಎಂದರು.

ಮಾಡಿದರು. ಅದರಲ್ಲಿ ಒಂದು ಕೊಂಕು ಎತ್ತುವ ಹಾಗಿಲ್ಲ. ಬೆಳ್ಳುಳ್ಳಿ ಹುರಿದು ಕೊಟ್ಟರು, ಮೆಣಸಿನ ಸಾರು ಕೊಟ್ಟರು, ಲೇಹ್ಯ ಕುದಿಸಿದರು. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಹೊಟ್ಟೆಗೆ ಬಟ್ಟೆಯ ಕಟ್ಟು. ಬಾಣಂತಿ ಕಣ್ಣಿಗೆ ಆಯಾಸ ಮಾಡಬಾರದೆಂದು ಪುಸ್ತಕವನ್ನೂ ಫೋನನ್ನೂ ತೆಗೆದು ಬೀರುವಿನಲ್ಲಿಟ್ಟರು. ಕೊಟ್ಟಿದ್ದನ್ನು ತಿಂದೆ, ಕೂರಿಸಿದಲ್ಲಿ ಕೂತೆ. ನೋಡಲು ಬಂದವರ ಎದುರು ಅತ್ತೆ ಹೊಗಳುತ್ತಿದ್ದರು, "ಇಂಥಾ ಒಳ್ಳೆ ಬಾಣಂತಿನ ನಾನು ಕಂಡಿಲ್ಲ. ಒಂದು ಬೇಕು ಅನ್ನಲ್ಲ, ಒಂದು ಬೇಡ ಅನ್ನಲ್ಲ."

ನನಗೆ ಏನೂ ಬೇಕಿರಲಿಲ್ಲ. ಕಾಯಿಲೆಯೇ ಅದಾಗಿತ್ತು. ಮನೆಯವರು ಅದಕ್ಕೆ ಒಳ್ಳೆಯತನ ಎಂದು ಹೆಸರಿಟ್ಟಿದ್ದರು.

ನಮ್ಮ ಮನೆಯೂ ಪಕ್ಕದ ಮನೆಯೂ ಒಂದೇ ಸೂರಿನ ಕೆಳಗಿನ ಜೋಡಿ ಮನೆಗಳು. ಪಕ್ಕದಲ್ಲಿ ಒಂದು ಎಸ್ಟೇಟಿನ ರೈಟರ್ ಸಂಸಾರ ಬಾಡಿಗೆಗಿತ್ತು. ಕೂಲಿಯವರ ಹಾಜರಿ ಹಾಕಿ ಕಾಫಿ ಹಣ್ಣು ತೂಗಿಸುವ ಕೆಲಸ ಅವರದು. ಅವರ ಹೆಂಡತಿ ರೇಖಾ ನನಗಿಂತ ಹನ್ನೆರಡು ದಿನ ಮೊದಲು ಹೆತ್ತಿದ್ದಳು. ಎರಡನೆಯ ಹೆರಿಗೆ, ಹಾಗಾಗಿ ಗಂಡನ ಮನೆಯಲ್ಲೇ ಬಾಣಂತನ. ದೊಡ್ಡ ಮಗಳು ಜಾವಳಿಯ ಅಜ್ಜಿ ಮನೆಯಲ್ಲಿದ್ದಳು. ನಾವು ಆ ಮನೆಗೆ ಬಂದಿದ್ದು ನನಗೆ ಒಂಬತ್ತು ತಿಂಗಳು ತುಂಬಿದ ಮೇಲೆ, ಅಷ್ಟರಲ್ಲಿ ಅವಳು ಒಳಗೆ ಸೇರಿಯಾಗಿತ್ತು. ಅವಳನ್ನು ನಾನು ನೋಡಿಯೇ ಇರಲಿಲ್ಲ.

ನೋಡುವಂತೆಯೂ ಇರಲಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಅತ್ತೆ ಹೇಳಿದ್ದರು, ಇಬ್ಬರು ಬಾಣಂತಿಯರು ಮೂರು ತಿಂಗಳು ತುಂಬುವ ತನಕ ಒಬ್ಬರ ಮುಖ ಒಬ್ಬರು ನೋಡಬಾರದು. ನೋಡಿದರೆ ಒಬ್ಬಳ ಹಾಲು ಇನ್ನೊಬ್ಬಳಿಗೆ ಹೋಗಿಬಿಡುತ್ತದೆ.

"ಯಾರದ್ದು ಯಾರಿಗೆ ಹೋಗುತ್ತೆ ಅತ್ತೆ?" ಎಂದಿದ್ದೆ. ಗಣಿತದವಳ ಚಟ.

"ನೋಡಕ್ಕೆ ಹೋದವಳದ್ದು ಹೋಗ್ತದೆ" ಎಂದರು ಅತ್ತೆ, ಬಸ್ಸಿನ ಸಮಯ ಹೇಳುವಷ್ಟು ಖಚಿತವಾಗಿ.

ಎರಡು ಮನೆಯ ಬಾಣಂತಿಯರಿಗೂ ನೀರು ಹಾಕುವವರು ಗಿರಿಜಮ್ಮ. ಅರವತ್ತು ದಾಟಿದವರು, ತೆಳ್ಳಗಿನ ಮೈ, ಕೈ ಮಾತ್ರ ಕಬ್ಬಿಣ. ಬೆಳಿಗ್ಗೆ ಹತ್ತಕ್ಕೆ ನಮ್ಮನೆಗೆ ಬಂದು ಮಗುವಿಗೆ ನೀರು ಹಾಕಿ, ನನಗೆ ಎಣ್ಣೆ ತಿಕ್ಕಿ ಹಂಡೆ ಬರಿದಾಗುವಷ್ಟು ಬಿಸಿನೀರು ಹುಯ್ಯುತ್ತಿದ್ದರು. ಆಮೇಲೆ ನನಗೆ ಕಂಬಳಿ ಹೊದಿಸಿ ಬಚ್ಚಲ ಒಲೆಯ ಮುಂದೆಯೇ ಕೂರಿಸಿ, ತಲೆಗೂದಲ ಕೆಳಗೆ ಧೂಪದ ಕೆಂಡವಿಟ್ಟು, ಹಿತ್ತಲ ಬಾಗಿಲಿಂದ ಪಕ್ಕದ ಮನೆಯ ಬಚ್ಚಲಿಗೆ ಹೋಗುತ್ತಿದ್ದರು. ಎರಡು ಬಚ್ಚಲಿಗೂ ನಡುವೆ ಒಂದೇ ಗೋಡೆ. ಗೋಡೆ ಶೀಟಿನ ತನಕ ಹೋಗಿರಲಿಲ್ಲ. ಮೇಲೆ ಎರಡು ಗೇಣು ಸಂದು. ಅವರ ಮನೆಯ ಹೊಗೆ ನಮಗೆ, ನಮ್ಮ ಮನೆಯ ಹೊಗೆ ಅವರಿಗೆ.

ಇಪ್ಪತ್ತನೆಯ ದಿನವೋ ಇಪ್ಪತ್ತೊಂದನೆಯ ದಿನವೋ ಆ ಸಂದಿನಿಂದ ಹೊಗೆಯ ಜೊತೆ ಒಂದು ದಪ್ಪ ದನಿ ಬಂತು.

"ಆ ಕಡೆ ಯಾರು, ಕಡೂರಿನ ಟೀಚರಾ?"

"ಹೌದು" ಎಂದೆ.

"ಅಯ್ಯೋ, ಮಾತಾಡ್ತೀರಾ ನೀವು! ಇಷ್ಟು ದಿನ ಗಿರಿಜಮ್ಮ ಬರೀ ಗೋಡೆಗೆ ನೀರು ಹಾಕಿ ಬರ್ತಾರೆ ಅಂದ್ಕೊಂಡಿದ್ದೆ."

"ಸುಮ್ನಿರು ಮಾರಾಯ್ತಿ" ಎಂದು ಗಿರಿಜಮ್ಮ ಗದರುವುದು ಕೇಳಿಸಿತು, "ನಿಮ್ಮತ್ತೆ ಕೇಳಿಸ್ಕೊಂಡ್ರೆ ನನ್ನ ಕೆಲಸ ಹೋಗ್ತದೆ."

"ಮುಖ ನೋಡ್ಬಾರ್ದು ಅಂದಿದ್ದಾರೆ. ಮಾತಾಡ್ಬಾರ್ದು ಅಂತ ಯಾರು ಹೇಳಿದ್ದು?"

ನನಗೆ ನಗು ಬರಲಿಲ್ಲ. ಆದರೆ ಅದು ನಗಬೇಕಾದ ಜಾಗ ಎಂದು ಗೊತ್ತಾಯಿತು. ಬಹಳ ದಿನದ ಮೇಲೆ ಅಷ್ಟಾದರೂ ಗೊತ್ತಾಗಿದ್ದು.

ಅಲ್ಲಿಂದ ದಿನಾ ಅರ್ಧ ಗಂಟೆ. ನೀವು ಹೋಗಿ ನೀನು ಆಗಲು ನಾಲ್ಕು ದಿನ ಹಿಡಿಯಿತು. ಮೊಲೆತೊಟ್ಟು ಒಡೆದು ಉರಿಯುವುದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವಳಿಗೆ ಹೇಳಿದೆ. "ಕುಡಿಸಿ ಆದ್ಮೇಲೆ ನಿನ್ನ ಹಾಲನ್ನೇ ಸ್ವಲ್ಪ ಸವರಿ ಒಣಗಿಸು" ಎಂದಳು. ನನ್ನ ಬಯಲುಸೀಮೆಯ ಮಾತನ್ನು ಅಣಕಿಸುತ್ತಿದ್ದಳು. ಒಂದು ದಿನ ಗೋಡೆಯ ಮೇಲಿಂದ ಕಾಗದದ ಪೊಟ್ಟಣವೊಂದು ನನ್ನ ಕಂಬಳಿಯ ಮೇಲೆ ಬಿತ್ತು. ಒಳಗೆ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ಬಾಣಂತಿಗೆ ಹಲಸು ನಂಜು ಎಂದು ಎರಡೂ ಮನೆಯಲ್ಲಿ ಅದರ ವಾಸನೆಗೂ ತಡೆ.

"ಬೇಗ ತಿನ್ನು. ಸತ್ರೆ ಇಬ್ರೂ ಒಟ್ಟಿಗೆ ಸಾಯೋಣ" ಎಂದಳು.

ತಿಂದೆ. ಆ ಇಡೀ ತಿಂಗಳಲ್ಲಿ ನನ್ನ ನಾಲಿಗೆಗೆ ರುಚಿ ಎಂದು ತಿಳಿದಿದ್ದು ಅದೊಂದೇ.

ಇನ್ನೊಂದು ದಿನ ಕೇಳಿದಳು, "ನಿನ್ನ ಮುಖ ಹೆಂಗಿದೆ ಹೇಳು."

"ಸಾಧಾರಣ."

"ಸಾಧಾರಣ ಅಂದ್ರೆ? ನೂರಕ್ಕೆ ಎಷ್ಟು ಕೊಡ್ತೀ ಟೀಚರೇ?"

"ಮೂವತ್ತೈದು."

"ಪಾಸು, ಬಿಡು."

ಅವಳ ದಪ್ಪ ದನಿ ಕೇಳಿ ಎತ್ತರದ, ಅಗಲ ಭುಜದ ಹೆಂಗಸೊಬ್ಬಳನ್ನು ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಮೂರು ತಿಂಗಳು ತುಂಬಿದ ಮಾರನೆಯ ದಿನ ಇಬ್ಬರೂ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಸರ್ಕಲ್ಲಿನ ಹೋಟೆಲ್ಲಿಗೆ ಹೋಗಿ ನೀರುದೋಸೆ ತಿನ್ನುವುದೆಂದು ಮಾತಾಗಿತ್ತು. ಮದುವೆಯಾಗಿ ಬಂದ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ. ಕಾಲೇಜು ಬಿಟ್ಟ ಮೇಲೆ ಸಿಕ್ಕವಳೂ ಅವಳೊಬ್ಬಳೇ. ಎದುರಿಗೆ ಬಂದರೆ ಗುರುತು ಸಿಗದಂಥ ಗೆಳತಿ.

ಒಮ್ಮೆ ಧೈರ್ಯ ಮಾಡಿ ಕೇಳಿದೆ. "ರೇಖಾ, ಮಗೂನ ಎತ್ಕೊಂಡ್ರೆ ನಿಂಗೆ ಏನನ್ಸುತ್ತೆ?"

ಅವಳು ದನಿ ತಗ್ಗಿಸಿ ಹೇಳಿದಳು. "ಮೊದಲ್ನೇದು ಹುಟ್ದಾಗ ಏನೂ ಅನ್ಸಿರ್ಲಿಲ್ಲ. ಒಂದು ವಾರ ಹಂಗೇ ಇತ್ತು. ಆಮೇಲೆ ಬಂತು."

ನಾನು ಕಾದೆ. ನನಗೆ ಐದು ವಾರ ಕಳೆಯಿತು. ಬರಲಿಲ್ಲ.

ಆ ಹೊತ್ತಿಗೆ ಜಗತ್ತು ಇನ್ನಷ್ಟು ದೂರ ಸರಿದಿತ್ತು. ಪ್ರಸನ್ನನಿಗೆ ಅದು ಪುರುಸೊತ್ತಿಲ್ಲದ ಕಾಲ. ಕಾಫಿ ಕುಯ್ಲು ಮುಗಿಯುತ್ತಾ ಬಂದಿತ್ತು. ಹೂವಿಗೆ ನೀರು ಕೊಡಲು ಸ್ಪ್ರಿಂಕ್ಲರ್ ರಿಪೇರಿಗೆ ಎಲ್ಲ ತೋಟದವರೂ ಅಂಗಡಿಯ ಮುಂದೆ ನಿಂತಿರುತ್ತಿದ್ದರು. ಬಂದಾಗ ಮಗುವನ್ನು ಎತ್ತಿಕೊಂಡು ಆಡಿಸುತ್ತಿದ್ದ. ಅವನ ಕೈಯಲ್ಲಿ ಅದು ನಗುತ್ತಿತ್ತು. ಅತ್ತೆಯ ಕೈಯಲ್ಲಿ ನಿದ್ದೆ ಮಾಡುತ್ತಿತ್ತು. ನನ್ನ ಹತ್ತಿರ ಹಾಲಿಗೆ ಮಾತ್ರ ಬರುತ್ತಿತ್ತು. ನಾನು ಕೂತಲ್ಲಿಯೇ ಕೂಡಿ ಕಳೆದು ನೋಡುತ್ತಿದ್ದೆ. ಅತ್ತೆ ಇದ್ದಾರೆ. ಪ್ರಸನ್ನ ಇದ್ದಾನೆ. ಮನೆ ನಡೆಯುತ್ತದೆ. ನಾನಿಲ್ಲದಿದ್ದರೆ ಕಷ್ಟವಾಗುವುದು ಹಾಲಿನ ವಿಷಯದಲ್ಲಿ ಮಾತ್ರ. ಆ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ಸರಿಯಾಗುತ್ತದೆ.

ಅಳುತ್ತಾ ಯೋಚಿಸಿದ್ದಲ್ಲ. ತುಂಬ ಸಮಾಧಾನವಾಗಿ ಯೋಚಿಸಿದ್ದು.

ನಲವತ್ತಮೂರನೆಯ ದಿನ, ಒಲೆಯ ಮುಂದೆ ಕಂಬಳಿ ಹೊದ್ದು ಕೂತವಳು ಸಂದಿನ ಕಡೆ ಮುಖವೆತ್ತಿ ಕೇಳಿದೆ.

"ರೇಖಾ, ನಾನು ಹೋದ್ರೆ ನನ್ನ ಮಗೂಗೂ ಹಾಲು ಕೊಡ್ತೀಯಾ?"

ಆ ಕಡೆ ನೀರು ಬೀಳುವುದು ನಿಂತಿತು.

"ಎಲ್ಲಿಗೆ ಹೋಗ್ತೀ?"

"ಸುಮ್ನೆ ಕೇಳ್ದೆ" ಎಂದೆ.

"ಗಿರಿಜಮ್ಮ, ಸೀರೆ ಕೊಡಿ" ಎಂದಳು ರೇಖಾ. ಗಿರಿಜಮ್ಮ ಏನೋ ಹೇಳಿದರು. "ಸೀರೆ ಕೊಡಿ ಅಂದೆ" ಎಂದು ಮತ್ತೆ ಅವಳ ದನಿ. ಚೊಂಬು ಕಲ್ಲಿನ ಮೇಲೆ ಉರುಳಿದ ಸದ್ದು.

ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ನಮ್ಮ ಮುಂಬಾಗಿಲಲ್ಲಿ ಅತ್ತೆ ಕೂಗಿಕೊಂಡರು. "ಬ್ಯಾಡ ರೇಖಾ, ಒಳಗೆ ಬರ್ಬೇಡ! ನಿಂಗೂ ಹಸುಗೂಸು ಉಂಟಲ್ಲ, ಮುಖ ನೋಡ್ಬೇಡ!"

"ನೋಡ್ಲೇಬೇಕಮ್ಮ. ದಾರಿ ಬಿಡಿ."

ಬಚ್ಚಲ ಬಾಗಿಲಿಗೆ ಬಂದು ನಿಂತವಳು ಎತ್ತರದವಳಲ್ಲ. ನನ್ನ ಭುಜಕ್ಕೆ ಬರುವಷ್ಟು ಪುಟ್ಟ ಹೆಂಗಸು. ಕೆನ್ನೆಯಲ್ಲಿ ಸೀತಾಳೆ ಸಿಡುಬಿನದೊಂದು ಹಳೆಯ ಕಲೆ. ಸೀರೆ ಹೇಗೋ ಸುತ್ತಿಕೊಂಡಿದ್ದಳು, ಕೂದಲಿಂದ ನೀರು ಸುರಿಯುತ್ತಿತ್ತು. ಬಾಣಂತಿಯೊಬ್ಬಳು ಚಳಿಗಾಲದಲ್ಲಿ ಒದ್ದೆ ತಲೆಯಲ್ಲಿ ಓಣಿಗೆ ಇಳಿದಿದ್ದಳು. ನನ್ನ ಎದುರು ಕುಕ್ಕುರುಗಾಲಲ್ಲಿ ಕೂತು, ಗದ್ದ ಹಿಡಿದು, ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಮೂವತ್ತೈದಂತೆ! ಸುಳ್ಳು ಹೇಳ್ತೀಯಲ್ಲೇ. ಈ ಮುಖದಲ್ಲಿ ಜೀವವೇ ಇಲ್ಲ ಮಾರಾಯ್ತಿ."

ಹೀಗೆಂದು ಅಳಲು ಶುರುಮಾಡಿದಳು. ನಾನು ಅಳಲಿಲ್ಲ. ಅವಳ ಕೂದಲ ನೀರು ನನ್ನ ಪಾದದ ಮೇಲೆ ಬೀಳುವುದನ್ನು ನೋಡುತ್ತಿದ್ದೆ.

ಗಿರಿಜಮ್ಮ ಅಂಗಡಿಗೆ ಓಡಿದರು. ಪ್ರಸನ್ನ ಗ್ರೀಸಿನ ಕೈಯಲ್ಲೇ ಬಂದ. ನನ್ನ ಮಣಿಕಟ್ಟನ್ನು ಬಿಡದೆ ರೇಖಾ ಅವನಿಗೆ ಹೇಳಿದಳು. "ಅಣ್ಣ, ಇವಳು ಹೋಗೋ ಮಾತಾಡ್ತಿದ್ದಾಳೆ. ಯಾವ ಹೋಗೋದು ಅಂತ ನಿಮಗೆ ನಾನು ಬಿಡಿಸಿ ಹೇಳ್ಬೇಕಾ? ಇವತ್ತೇ ಕರ್ಕೊಂಡು ಹೋಗಿ. ನಾಳೆ ಅನ್ಬೇಡಿ."

ಅತ್ತೆ ಗೋಡೆಗೆ ಒರಗಿ ಕುಸಿದು ಕೂತರು. "ಸನ್ನಿಯೇನೋ ಇದು, ಬಾಣಂತಿ ಸನ್ನಿ" ಎಂದು ಮಠದ ವಿಭೂತಿ ತರಲು ಎದ್ದರು. ಪ್ರಸನ್ನ ಅವರ ಕೈಯಿಂದ ವಿಭೂತಿ ತೆಗೆದುಕೊಂಡು ನನ್ನ ಹಣೆಗೆ ಹಚ್ಚಿ, ಆಮೇಲೆ ಜೀಪು ತೆಗೆದ. ಇಬ್ಬರಿಗೂ ಬೇಸರವಾಗದಂತೆ ಮಾಡುವುದು ಅವನ ರೀತಿ.

ಮೂಡಿಗೆರೆಯಲ್ಲಿ ಹೆರಿಗೆ ಮಾಡಿಸಿದ್ದ ಡಾಕ್ಟರ್ ಐದು ನಿಮಿಷ ಮಾತಾಡಿಸಿ ನೇರ ಚಿಕ್ಕಮಗಳೂರಿಗೆ ರೆಫರ್ ಮಾಡಿದರು. ಅಲ್ಲಿನ ಸೈಕಿಯಾಟ್ರಿಸ್ಟ್ ನನ್ನಷ್ಟೇ ವಯಸ್ಸಿನ ಹೆಂಗಸು. ಎಲ್ಲರನ್ನೂ ಹೊರಗೆ ಕಳಿಸಿ, "ಸಾಯ್ಬೇಕು ಅನ್ಸಿದ್ಯಾ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಅಷ್ಟು ಸರಳವಾಗಿ ಕೇಳಬಹುದೆಂದು ನನಗೆ ಗೊತ್ತಿರಲಿಲ್ಲ.

"ಸಾಯ್ಬೇಕು ಅಂತಲ್ಲ. ನಾನಿಲ್ದಿದ್ರೂ ನಡೆಯುತ್ತೆ ಅನ್ಸುತ್ತೆ."

"ಅದೂ ಅದೇ" ಎಂದರು. "ಇದು ಪೋಸ್ಟ್‌ಪಾರ್ಟಮ್ ಡಿಪ್ರೆಷನ್. ಕಾಯಿಲೆ. ನೀವು ಕೆಟ್ಟ ತಾಯಿ ಅಂತ ಅಲ್ಲ. ಅಡ್ಮಿಟ್ ಆಗಿ, ಮಗೂನೂ ಜೊತೇಲಿ ಇರಲಿ. ಟ್ಯಾಬ್ಲೆಟ್ ತಗೊಂಡೇ ಹಾಲು ಕುಡಿಸಬಹುದು, ಅಂಥದ್ದನ್ನೇ ಕೊಡ್ತೀನಿ. ಇದನ್ನ ಯಾರು ಗುರ್ತಿಸಿದ್ದು?"

"ಪಕ್ಕದ ಮನೆ ಬಾಣಂತಿ."

"ಅವರಿಗೆ ಒಂದು ಥ್ಯಾಂಕ್ಸ್ ಹೇಳಿ."

ಎಂಟು ದಿನ ವಾರ್ಡಿನಲ್ಲಿದ್ದೆ. ಮೊದಲ ನಾಲ್ಕು ದಿನ ಹೆಚ್ಚು ನಿದ್ದೆ ಮಾಡಿದೆ. ಅತ್ತೆ ಹಾಸಿಗೆಯ ಪಕ್ಕ ನೆಲದಲ್ಲಿ ಚಾಪೆ ಹಾಸಿಕೊಂಡಿದ್ದರು. ಒಂದು ಮಧ್ಯಾಹ್ನ ನನ್ನ ತಲೆ ಸವರುತ್ತಾ, "ಒಳ್ಳೆ ಬಾಣಂತಿ ಅಂತ ಊರಿಗೆಲ್ಲ ಹೇಳಿದ್ನಲ್ಲ ಮಗಾ, ನಂಗೆ ಕಣ್ಣಿರಲಿಲ್ವಾ" ಎಂದರು. ಅವರ ತಪ್ಪೇನಿಲ್ಲ. ನನ್ನ ಗಂಡನೂ ನೋಡುತ್ತಿದ್ದ, ಬಂದುಹೋದ ಹತ್ತು ಜನ ನೋಡಿದ್ದರು. ಮುಖ ನೋಡದವಳಿಗೆ ಮಾತ್ರ ಗೊತ್ತಾಗಿತ್ತು.

ಮನೆಗೆ ಬಂದ ಮಾರನೆಯ ದಿನ ಬಚ್ಚಲಲ್ಲಿ ಕೂತು ಕರೆದೆ. "ರೇಖಾ."

ನೀರಿನ ಸದ್ದು ಮಾತ್ರ.

"ರೇಖಾ, ನಾನು. ಬಂದಿದ್ದೀನಿ."

ಒಂದು ಕೆಮ್ಮು. ಮತ್ತೆ ನೀರು.

ಮಾರನೆಯ ದಿನ ನೀರು ಹಾಕುತ್ತಾ ಗಿರಿಜಮ್ಮ ಮೆಲ್ಲಗೆ ಹೇಳಿದರು. ನಮ್ಮ ಜೀಪು ಸರ್ಕಲ್ ದಾಟುವ ಮೊದಲೇ ರೇಖಾಳ ಅತ್ತೆ ಸರೋಜಮ್ಮ ಮಗುವನ್ನು ಅವಳ ಕೈಯಿಂದ ಕಸಿದುಕೊಂಡಿದ್ದರಂತೆ. ನೋಡಕ್ಕೆ ಹೋದವಳ ಹಾಲು ಕೆಟ್ಟಿರುತ್ತದೆ, ಐದು ದಿನ ಕುಡಿಸಕೂಡದು. ಬಾಟ್ಲಿ ಬಂತು, ಡಬ್ಬಿಯ ಪುಡಿ ಬಂತು. ರೇಖಾ ಜಗಳವಾಡಿದಳಂತೆ. ಎರಡನೆಯ ದಿನ ಕದ್ದು ಕುಡಿಸಿದಳಂತೆ. ಮೂರನೆಯ ದಿನ ಮಗುವಿಗೆ ಭೇದಿ ಶುರುವಾಯಿತು. ಬಾಟ್ಲಿಯದೋ, ನೀರಿನದೋ, ಯಾರಿಗೆ ಗೊತ್ತು. ಆಮೇಲೆ ಅವಳೂ ಹೆದರಿದಳು. ಸೆರಗು ಬಿಗಿದು ಕೂತುಬಿಟ್ಟಳು. ಎದೆ ಗಟ್ಟಿಯಾಗಿ ಜ್ವರ ಬಂದು ಇಳಿಯಿತು. ಐದು ದಿನ ಎಂಬುದು ಹತ್ತು ದಿನವಾಯಿತು. ಮತ್ತೆ ಎದೆಗೆ ಹಾಕಿದಾಗ ಮಗು ಎರಡು ಸಲ ಚೀಪಿ, ಬಾಟ್ಲಿಗೆ ಅತ್ತಿತು.

ಹಾಲು ಬತ್ತಿತ್ತು.

ನನಗೆ ವಾರ್ಡಿನ ನರ್ಸ್ ಹೇಳಿಕೊಟ್ಟಿದ್ದರು, ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು, ಬಿಟ್ಟರೆ ಬತ್ತುತ್ತದೆ ಎಂದು. ಇದರಲ್ಲಿ ಯಾರ ಮುಖದ ಪಾತ್ರವೂ ಇಲ್ಲ. ಇದನ್ನು ಗಿರಿಜಮ್ಮನ ಕೈಲಿ ಹೇಳಿ ಕಳಿಸಿದೆ. ಅತ್ತೆಯೇ ಒಂದು ದಿನ ಸರೋಜಮ್ಮನಿಗೆ ವಿವರಿಸಲು ಹೋಗಿ, ಬಾಗಿಲಲ್ಲೇ ಮಾತು ಕೇಳಿಸಿಕೊಂಡು ಮುಖ ಸಣ್ಣಗೆ ಮಾಡಿಕೊಂಡು ಬಂದರು. "ನಿಮ್ಮ ಸೊಸೆಗೇನು, ಈಗ ಹಾಲು ಹೊಳೆಯಾಗಿ ಹರೀತದಂತಲ್ಲ" ಎಂದಿದ್ದರಂತೆ ಆಕೆ.

ಅದು ನಿಜವಾಗಿತ್ತು. ನಿದ್ದೆ ಬಂದಿತ್ತು, ಹಸಿವು ಬಂದಿತ್ತು, ಹಾಲೂ ಬಂದಿತ್ತು. ರವಿಕೆ ಒದ್ದೆಯಾಗುವಷ್ಟು. ಅದೇ ಹತ್ತು ದಿನದಲ್ಲಿ ಅವಳದ್ದು ಬತ್ತಿ ನನ್ನದು ತುಂಬಿತ್ತು. ನಾನು ಎಷ್ಟು ಗಣಿತ ಹೇಳಿದರೂ ಪುರಾವೆ ಅವರ ಕಡೆಗಿತ್ತು.

ಹುಷಾರಾಗುವುದು ಸಂತೋಷದ ಸಂಗತಿ ಎಂದುಕೊಂಡಿದ್ದೆ. ಹುಷಾರಾದಂತೆಲ್ಲ ನೋವು ಸರಿಯಾಗಿ ತಿಳಿಯತೊಡಗಿತು. ಟ್ಯಾಬ್ಲೆಟ್ ಶುರುವಾದ ನಾಲ್ಕನೆಯ ವಾರ, ಮಲಗಿದ್ದ ಮಗಳು ಲಾರಿಯ ಹಾರನ್‌ಗೆ ಬೆಚ್ಚಿ ಎದ್ದಳು. "ಯಾವನೋ ಅವನು!" ಎಂದು ಕಿಟಕಿಯಲ್ಲಿ ಕೂಗಿದೆ. ಕೂಗಿದ ಮೇಲೆ ನಾನು ಕೂಗಿದ್ದೆಂದು ಗೊತ್ತಾಯಿತು. ನನ್ನ ಮಗಳ ನಿದ್ದೆಗಾಗಿ ನನಗೆ ಸಿಟ್ಟು ಬಂದಿತ್ತು. ಓಡಿ ಹೋಗಿ ಇದನ್ನು ಹೇಳಬೇಕೆನ್ನಿಸಿದ್ದು ಒಬ್ಬಳಿಗೇ.

ಬಚ್ಚಲಲ್ಲಿ ದಿನಾ ಕರೆಯುತ್ತಿದ್ದೆ. ಒಂದು ದಿನ ಮಾತ್ರ ಉತ್ತರ ಬಂತು. "ತಲೆನೋವು ಸುಮಾ. ನಾಳೆ ಮಾತಾಡ್ತೀನಿ." ದಪ್ಪ ದನಿ ತೆಳ್ಳಗಾಗಿತ್ತು. ನಾಳೆ ಅವಳು ಮಾತಾಡಲಿಲ್ಲ. ಮೂರು ತಿಂಗಳು ತುಂಬಿತು, ಗಿರಿಜಮ್ಮ ಬರುವುದು ನಿಂತಿತು. ನೀರುದೋಸೆಯ ದಿನ ಬಂದು ಹೋಯಿತು. ಈಗ ಮುಖ ನೋಡಲು ತಡೆಯಿರಲಿಲ್ಲ. ಆದರೂ ಅವಳು ಬಾಗಿಲಿಗೆ ಬರಲಿಲ್ಲ, ನನಗೂ ಹೋಗಲು ಮುಖವಿರಲಿಲ್ಲ.

ಮಾರ್ಚಿನಲ್ಲಿ ಹೂಮಳೆ ಬಿದ್ದು, ಸರ್ಕಲ್ಲಿನ ಡೀಸೆಲ್ ಹೊಗೆಯ ನಡುವೆಯೂ ಕಾಫಿ ಹೂವಿನ ವಾಸನೆ ಬರುತ್ತಿದ್ದ ದಿನಗಳಲ್ಲಿ ಪ್ರಸನ್ನ ಸುದ್ದಿ ತಂದ. ಪಕ್ಕದ ಮನೆಯವರಿಗೆ ಕಳಸದ ಕಡೆ ಎಸ್ಟೇಟೊಂದರಲ್ಲಿ ಕೆಲಸವಾಗಿದೆ, ಕ್ವಾರ್ಟರ್ಸೂ ಕೊಡುತ್ತಾರೆ, ಶನಿವಾರ ಹೊರಡುತ್ತಾರೆ.

ಶನಿವಾರ ಬೆಳಿಗ್ಗೆ ಓಣಿಯಲ್ಲಿ ಪಿಕಪ್ ನಿಂತಿತು. ನಾನು ಮಗಳನ್ನು ಅತ್ತೆಯ ಕೈಗೆ ಕೊಟ್ಟು ಹೊರಟೆ. ಅತ್ತೆ ಬೇಡವೆನ್ನಲಿಲ್ಲ. "ಹೋಗಿ ಬಾ" ಎಂದರು.

ಈ ಸಲ ನೋಡಲು ಹೋದವಳು ನಾನು.

ರೇಖಾ ಜಗಲಿಯಲ್ಲಿ ಸುರುಳಿ ಸುತ್ತಿದ ಹಾಸಿಗೆಯ ಮೇಲೆ ಕೂತು ಮಗನಿಗೆ ಬಾಟ್ಲಿ ಹಿಡಿದಿದ್ದಳು. ಗಂಡ ಒಳಗೆ ಮಂಚ ಬಿಚ್ಚುತ್ತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ನನ್ನಿಂದಾಗಿ..." ಎಂದೆ.

"ಅತ್ತೆ ಹಂಗೇ ಹೇಳ್ತಾರೆ."

"ನಿಂಗೂ ಹಾಗೇ ಅನ್ಸುತ್ತಾ ರೇಖಾ?"

ಅವಳು ಬಾಟ್ಲಿಯನ್ನು ನೋಡುತ್ತಾ ಹೇಳಿದಳು. "ಗೊತ್ತಿಲ್ಲ ಮಾರಾಯ್ತಿ. ಸುಮ್ನೆ ಕೂತಾಗ ಅಲ್ಲ ಅನ್ಸ್ತದೆ. ಬಾಟ್ಲಿ ತೊಳೆಯುವಾಗ ಹೌದು ಅನ್ಸ್ತದೆ. ದಿನಕ್ಕೆ ಆರು ಸಲ ತೊಳೀತೀನಿ."

ಮುಖ ನೋಡಿಕೊಂಡು ಮಾತಾಡುವುದು ನಮಗೆ ಅಭ್ಯಾಸವಿರಲಿಲ್ಲ.

"ಅವತ್ತು ನೀನೊಂದು ಕೇಳಿದ್ದೆಯಲ್ಲ" ಎಂದಳು. "ಹೋದ್ರೆ ನಿನ್ನ ಮಗೂಗೆ ಹಾಲು ಕೊಡ್ತೀಯಾ ಅಂತ. ಗಡಿಬಿಡೀಲಿ ನಾನು ಉತ್ತರ ಹೇಳ್ಲೇ ಇಲ್ಲ. ಕೊಡ್ತಿದ್ದೆ."

ಬಾಟ್ಲಿಯನ್ನು ಕೆಳಗಿಟ್ಟಳು. ಮಗನನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು.

"ನಂದೆಲ್ಲ ನಿನ್ನ ಹತ್ರ ಉಂಟಂತಲ್ಲ. ಇವನ ಪಾಲು ಇವನಿಗೆ ಕೊಡು."

ತಮಾಷೆಗೆ ಹೇಳಿದಳೋ, ನಿಜಕ್ಕೂ ಕೇಳಿದಳೋ, ಈಗಲೂ ಹೇಳಲಾರೆ. ಬಾಯಿ ನಗುತ್ತಿತ್ತು. ಕಣ್ಣು ನಗುತ್ತಿರಲಿಲ್ಲ. ನಾನು ಸೆರಗು ಹೊದ್ದು ಅವನನ್ನು ಎದೆಗೆ ಹಾಕಿಕೊಂಡೆ. ನನ್ನ ಮಗಳಿಗಿಂತ ಭಾರದ ಮಗು, ಬೇರೆಯದೇ ವಾಸನೆ. ಅವನು ಒಮ್ಮೆ ಬಾಯಿ ಹಾಕಿದ. ಹೊರಳಿದ. ಮತ್ತೆ ಹಾಕಿದೆ. ಮುಖ ತಿರುಗಿಸಿ, ಕಾಲು ಒದ್ದು, ಓಣಿಗೆಲ್ಲ ಕೇಳುವಂತೆ ಅಳತೊಡಗಿದ.

ಆ ಅಳು ಕೇಳಿ ನನ್ನ ಹಾಲು ಇಳಿಯಿತು. ತಡೆಯ ಹೋದರೂ ನಿಲ್ಲಲಿಲ್ಲ, ರವಿಕೆ ದಾಟಿ, ಸೆರಗು ದಾಟಿ, ಅವನ ಅಂಗಿಯನ್ನೂ ನೆನೆಸಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹದಿನಾರನೆಯ ದಿನ ಅತ್ತಾಗ ಏನೂ ಆಗದಿದ್ದ ಮೈ ಇದು. ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸರೋಜಮ್ಮ ಬಾಗಿಲಿಗೆ ಬಂದು ನೋಡಿ, ಒಳಗೆ ಹೋದರು.

ರೇಖಾ ಮಗನನ್ನು ತೆಗೆದುಕೊಂಡಳು. ಬಾಟ್ಲಿ ಕೊಟ್ಟ ತಕ್ಷಣ ಅವನು ಸುಮ್ಮನಾದ. ಅವಳು ಹೆಗಲ ಮೇಲಿನ ಬಟ್ಟೆಯಿಂದ ನನ್ನ ಸೆರಗನ್ನು ಒರೆಸಿದಳು, ಬಹಳ ಹೊತ್ತು ಒರೆಸಿದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು.

"ಈ ಹಾಲು ನಂದಾಗಿದ್ರೆ ಇವನು ಗುರ್ತು ಹಿಡೀತಿದ್ದ, ಅಲ್ವಾ ಟೀಚರೇ?"

ಅದು ಪುರಾವೆಯಲ್ಲ. ಬಾಟ್ಲಿಯ ರೂಢಿಯಾದ ಮಗು ಯಾರ ಎದೆಯನ್ನೂ ಹಿಡಿಯುವುದಿಲ್ಲ, ಹೆತ್ತವಳದ್ದನ್ನೂ. ಅದು ಅವಳಿಗೂ ಗೊತ್ತಿತ್ತು, ಹತ್ತನೆಯ ದಿನ ಅವಳದ್ದನ್ನೇ ಅವನು ಬಿಟ್ಟಿದ್ದ. ಶಾಲೆಯಲ್ಲಿ ಯಾರಾದರೂ ಹೀಗೆ ಉತ್ತರ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

"ಹೌದು" ಎಂದೆ. "ಹಿಡೀತಿದ್ದ."

"ಹಂಗಿದ್ರೆ ನಂದಲ್ಲ ಅದು."

"ನಿಂದಲ್ಲ."

ತಲೆಯಾಡಿಸಿದಳು. ನನ್ನ ಫೋನ್ ನಂಬರ್ ಕೇಳಿ ಬರೆದುಕೊಂಡಳು. ಪಿಕಪ್‌ನ ಮುಂದಿನ ಸೀಟಿನಲ್ಲಿ ಸರೋಜಮ್ಮನ ಪಕ್ಕ ಮಗನನ್ನೆತ್ತಿಕೊಂಡು ಕೂತಳು. ಕೈ ಬೀಸಲು ಕೈ ಖಾಲಿ ಇರಲಿಲ್ಲ.

ಮಗಳಿಗೆ ಈಗ ಏಳು ತಿಂಗಳು. ಅಂಬೆಗಾಲಿಡಲು ನೋಡುತ್ತಾಳೆ, ಹಿಂದಕ್ಕೆ ಹೋಗುತ್ತಾಳೆ. ಟ್ಯಾಬ್ಲೆಟ್ ಇನ್ನೂ ನಡೆಯುತ್ತಿದೆ. ನೀವಾಗಿಯೇ ನಿಲ್ಲಿಸಬೇಡಿ ಎಂದಿದ್ದಾರೆ ಡಾಕ್ಟರ್, ನಿಲ್ಲಿಸಿಲ್ಲ. ಕೆಲವು ಬೆಳಿಗ್ಗೆ ಆ ದೂರ ಮತ್ತೆ ಬಂದಂತಾಗುತ್ತದೆ. ಆಗ ಅತ್ತೆಯನ್ನು ಕರೆದು ಬಾಯಿಬಿಟ್ಟು ಹೇಳುತ್ತೇನೆ, ಇವತ್ತು ಚೆನ್ನಾಗಿಲ್ಲ ಎಂದು. ಅವರು ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಾರೆ. ನಾನು ಬದುಕಿದ್ದೇನೆ. ಅದಕ್ಕೆ ಬೆಲೆ ಕೊಟ್ಟವಳು ಇನ್ನೊಬ್ಬಳು. ಕೃತಜ್ಞತೆ ಎಂಬ ಪದ ಇಲ್ಲಿ ಸಾಲುವುದಿಲ್ಲ, ಬೇರೆ ಪದ ನನಗೆ ಗೊತ್ತಿಲ್ಲ.

ವಾರಕ್ಕೊಮ್ಮೆ ರೇಖಾಳಿಗೆ ಫೋನ್ ಮಾಡುತ್ತೇನೆ. ಕಳಸದ ಕಡೆ ನೆಟ್‌ವರ್ಕ್ ಕಡಿಮೆ. ಕೆಲವು ಸಲ ಎತ್ತುತ್ತಾಳೆ. ದೊಡ್ಡ ಮಗಳನ್ನು ಜಾವಳಿಯಿಂದ ಕರೆತಂದಿದ್ದಾಳೆ, ಚಿಕ್ಕವನಿಗೆ ಎರಡು ಹಲ್ಲು ಬಂದಿದೆ. ದನಿ ಮತ್ತೆ ಸ್ವಲ್ಪ ದಪ್ಪಗಾಗಿದೆ. ಕೆಲವು ಸಲ ಫೋನ್ ಬಡಿದುಕೊಂಡು ಸುಮ್ಮನಾಗುತ್ತದೆ. ಆಗ ಅವಳು ಬಾಟ್ಲಿ ತೊಳೆಯುತ್ತಿರಬಹುದು ಎಂದುಕೊಳ್ಳುತ್ತೇನೆ.